ಆಕಾಶದ ದಾರಿಗೂ ಲೆಕ್ಕ ಬೇಕು

ಮಾಗಿಯ ಬೆಳಗಿನಲ್ಲಿ ಅಡಿಕೆ ತೋಟದ ಅಂಚಿಗೆ ನಿಂತು ತಲೆಯೆತ್ತಿದರೆ, ಘಟ್ಟದ ನೆತ್ತಿಯ ಮೇಲೆ ಬಿಳಿ ಗೆರೆ ಎಳೆಯುತ್ತ ಸಾಗುವ ವಿಮಾನ ಕೆಲವೊಮ್ಮೆ ಕಣ್ಣಿಗೆ ಬೀಳುತ್ತದೆ. ಆ ಗೆರೆ ಒಂದು ದಿನ ಕ್ಷಣಾರ್ಧದಲ್ಲಿ ಕರಗಿ ಹೋಗುತ್ತದೆ. ಇನ್ನೊಂದು ದಿನ ಹಿಂಜಿದ ಹತ್ತಿಯಂತೆ ಹಿಗ್ಗಿ, ಹರಡಿ, ಬಹಳ ಹೊತ್ತು ಉಳಿಯುತ್ತದೆ. ಮಲೆನಾಡಿನ ಹಳ್ಳಿಗೂ ಆ ಗೆರೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಗಣಿ, ಅಣೆಕಟ್ಟು, ಮರ ಕಡಿತ, ರಸ್ತೆ ಅಗಲೀಕರಣ ಇವೆಲ್ಲ ಕಣ್ಣೆದುರಿನ ಪ್ರಶ್ನೆಗಳು. ಆಕಾಶ ಯಾವ ಗ್ರಾಮ ಪಂಚಾಯಿತಿಯ ಗಡಿಗೂ ಸೇರಿದ್ದಲ್ಲ. ಆದರೆ ಗದ್ದೆಯ ನಾಟಿಗೆ, ತೋಟದ ಹಿಂಗಾರಕ್ಕೆ, ಕಾಫಿಯ ಹೂಮಳೆಗೆ ಕಾಯುವವರು ಆ ಆಕಾಶವನ್ನೇ ನಂಬಿದವರು. ಅಲ್ಲಿ ಏನು ಸುರಿಯಲಾಗುತ್ತಿದೆ, ಅದನ್ನು ಯಾರು ಅಳೆಯುತ್ತಿದ್ದಾರೆ ಎಂದು ಕೇಳುವ ಹಕ್ಕು ಅವರಿಗಿದೆ.

ವಿಮಾನದ ಇಂಧನ ಸೀಮೆಎಣ್ಣೆಯ ಜಾತಿಗೇ ಸೇರಿದ್ದು. ಒಂದು ಕಿಲೋಗ್ರಾಂ ಇಂಧನ ಉರಿದಾಗ ಅದರ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಸುಮಾರು 3.16 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಜೊತೆಗೆ ಒಂದೂಕಾಲು ಕಿಲೋಗ್ರಾಂನಷ್ಟು ನೀರಾವಿ, ಸಾರಜನಕದ ಆಕ್ಸೈಡುಗಳು ಮತ್ತು ಮಸಿ ಹೊರಬೀಳುತ್ತವೆ. ಮನುಷ್ಯ ಚಟುವಟಿಕೆಯಿಂದ ಜಗತ್ತಿನಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ವಿಮಾನಯಾನದ ಪಾಲು ಶೇಕಡಾ ಎರಡೂವರೆಯ ಆಸುಪಾಸಿನಲ್ಲಿದೆ. ಬಿಳಿ ಗೆರೆ ಮತ್ತಿತರ ಪರಿಣಾಮಗಳನ್ನೂ ಸೇರಿಸಿಕೊಂಡರೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಪಾಲು ಶೇಕಡಾ 3.5ರಷ್ಟು ಎಂದು 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವಿಜ್ಞಾನಿಗಳ ಲೆಕ್ಕಾಚಾರ ಹೇಳುತ್ತದೆ. ಅಂಕಿ ಸಣ್ಣದು ಎನಿಸಬಹುದು. ಆದರೆ 2018ರಲ್ಲಿ ವಿಮಾನವೇರಿದವರು ಜಗತ್ತಿನ ಜನಸಂಖ್ಯೆಯ ಶೇಕಡಾ 11ರಷ್ಟು ಮಾತ್ರ. ಪ್ರಯಾಣಿಕ ವಿಮಾನಗಳ ಒಟ್ಟು ಹೊಗೆಯ ಅರ್ಧಕ್ಕೂ ಹೆಚ್ಚು ಪಾಲಿಗೆ ಶೇಕಡಾ ಒಂದರಷ್ಟು ಜನ ಕಾರಣರು ಎಂದು 2020ರ ಅಧ್ಯಯನವೊಂದು ಅಂದಾಜು ಮಾಡಿದೆ. ಹಾರುವವರು ಕೆಲವರು, ಅದರ ಬಿಸಿ ಉಣ್ಣುವವರು ಎಲ್ಲರೂ.

ಈ ಹೊರೆಯನ್ನು ಇಳಿಸಲು ಸಾಮಾನ್ಯವಾಗಿ ಮೂರು ಮಾತುಗಳು ಕೇಳಿಬರುತ್ತವೆ: ಉತ್ತಮ ಎಂಜಿನ್ನು, ಬದಲಿ ಇಂಧನ, ಕಡಿಮೆ ಹಾರಾಟ. ನಾಲ್ಕನೆಯದು ಸದ್ದಿಲ್ಲದ ಮಾತು. ಅದು ವಿಮಾನ ಸಾಗುವ ದಾರಿಯದು. ಯಾವ ವಿಮಾನ ಯಾವ ದಾರಿಯಲ್ಲಿ, ಯಾವ ಎತ್ತರದಲ್ಲಿ, ಯಾವ ವೇಗದಲ್ಲಿ ಹೋಗಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನೆಲದ ಮೇಲೆ ರಾಡಾರ್ ಪರದೆಯ ಮುಂದೆ ಕುಳಿತ ನಿಯಂತ್ರಕರು ನಿರ್ಧರಿಸುತ್ತಾರೆ. ಈ ವಾಯು ಸಂಚಾರ ನಿರ್ವಹಣೆಯನ್ನು ಸುಧಾರಿಸಿದರೆ ವಿಮಾನಗಳ ಇಂಧನದಲ್ಲಿ ಶೇಕಡಾ 6ರಿಂದ 12ರವರೆಗೆ ಉಳಿಸಬಹುದು ಎಂದು ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಮಂಡಳಿ 1999ರಲ್ಲಿಯೇ ತನ್ನ ವಿಶೇಷ ವರದಿಯಲ್ಲಿ ತಿಳಿಸಿತ್ತು. ಹೊಸ ವಿಮಾನ ಕೊಳ್ಳಬೇಕಿಲ್ಲ, ಇಂಧನಕ್ಕಾಗಿ ಹೊಲವನ್ನು ಕಬ್ಬಿಗೋ ತಾಳೆಗೋ ಬಿಟ್ಟುಕೊಡಬೇಕಿಲ್ಲ. ಇರುವ ದಾರಿಯನ್ನು ನೇರ ಮಾಡಿದರೆ ಸಾಕು.

ಆಕಾಶದಲ್ಲಿ ಗುಡ್ಡವಿಲ್ಲ, ಹಳ್ಳವಿಲ್ಲ; ಅಲ್ಲಿ ದಾರಿ ಏಕೆ ಸೊಟ್ಟಗಿರಬೇಕು? ಅದಕ್ಕೆ ಇತಿಹಾಸವೇ ಕಾರಣ. ನೆಲದ ಮೇಲೆ ಅಲ್ಲಲ್ಲಿ ನೆಟ್ಟ ರೇಡಿಯೋ ಕಂಬಗಳ ಸಂಕೇತ ಹಿಡಿದು ಒಂದರಿಂದ ಇನ್ನೊಂದಕ್ಕೆ ಸಾಗುವುದು ಹಿಂದಿನ ಪದ್ಧತಿಯಾಗಿತ್ತು. ಉಪಗ್ರಹ ಆಧಾರಿತ ಮಾರ್ಗದರ್ಶನ ಬಂದ ಮೇಲೂ ಹಳೆಯ ದಾರಿಗಳು ಬೇಗ ಅಳಿಯಲಿಲ್ಲ. ಆಕಾಶದ ದೊಡ್ಡ ಭಾಗಗಳು ಸೈನ್ಯದ ಅಭ್ಯಾಸಕ್ಕೆ ಮೀಸಲು. ದೇಶದೇಶಗಳ ಗಡಿಯಲ್ಲಿ ನಿಯಂತ್ರಣ ಕೈ ಬದಲಾಯಿಸುತ್ತದೆ. ಕೊನೆಗೆ, ಎಲ್ಲರೂ ಒಂದೇ ಹೊತ್ತಿಗೆ ಒಂದೇ ಊರಿಗೆ ಬರುವುದರಿಂದ ಸರದಿ ಸಾಲು. ಯೂರೋಪಿನ ವಾಯು ಸಂಚಾರ ಸಂಸ್ಥೆ ಯೂರೋಕಂಟ್ರೋಲ್, ರಾಡಾರಿನಲ್ಲಿ ದಾಖಲಾದ ಹಾರಾಟದ ಜಾಡನ್ನು ನೇರ ದೂರದೊಡನೆ ಹೋಲಿಸಿ ನೋಡುತ್ತದೆ. ಅಲ್ಲಿ ವಿಮಾನಗಳು ಸರಾಸರಿ ಶೇಕಡಾ 3ರ ಆಸುಪಾಸು ಹೆಚ್ಚು ದೂರ ಹಾರುತ್ತವೆ. ಒಂದು ವಿಮಾನಕ್ಕೆ ಇದು ಅಲ್ಪ. ದಿನವೊಂದಕ್ಕೆ ಹಲವು ಹತ್ತು ಸಾವಿರ ಹಾರಾಟ ನಡೆಯುವ ಖಂಡಕ್ಕೆ ಅಲ್ಪವಲ್ಲ.

ಭಾರತದ ಆಕಾಶವೂ ಇದಕ್ಕೆ ಹೊರತಲ್ಲ. ದೇಶದ ವಾಯುಪ್ರದೇಶದಲ್ಲಿ ಶೇಕಡಾ 60ರಷ್ಟು ಮಾತ್ರ ನಾಗರಿಕ ವಿಮಾನಗಳಿಗೆ ಮುಕ್ತವಾಗಿದೆ, ನಿರ್ಬಂಧ ಸಡಿಲಿಸಿದರೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಕೇಂದ್ರ ಹಣಕಾಸು ಸಚಿವರು 2020ರ ಮೇ ತಿಂಗಳಲ್ಲಿ ಘೋಷಿಸಿದರು. ಸೈನ್ಯಕ್ಕೆ ಬೇಕಾದ ಹೊತ್ತಿನಲ್ಲಿ ಸೈನ್ಯಕ್ಕೆ, ಬೇಡದ ಹೊತ್ತಿನಲ್ಲಿ ನಾಗರಿಕರಿಗೆ ಎಂಬ ಹಂಚಿಕೆಯ ಕ್ರಮ ಇದರ ತಿರುಳು. ಅದಕ್ಕೂ ಮೊದಲು, 2003ರ ನವೆಂಬರಿನಲ್ಲಿ, ಎತ್ತರದ ಹಾರಾಟದಲ್ಲಿ ಒಂದರ ಮೇಲೊಂದು ಸಾಗುವ ವಿಮಾನಗಳ ನಡುವಿನ ಅಂತರವನ್ನು 2,000 ಅಡಿಯಿಂದ 1,000 ಅಡಿಗೆ ಇಳಿಸಲಾಯಿತು. ಇದರಿಂದ ಇಂಧನ ಮಿತವಾಗಿ ಉರಿಯುವ ಎತ್ತರ ಹೆಚ್ಚು ವಿಮಾನಗಳಿಗೆ ದೊರೆಯಿತು. ಇಂತಹ ಗಳಿಕೆಯನ್ನು ರಾಜಕಾರಣ ಒಂದೇ ದಿನದಲ್ಲಿ ನುಂಗಬಲ್ಲದು. ಪಾಕಿಸ್ತಾನ ತನ್ನ ಆಕಾಶವನ್ನು 2019ರ ಫೆಬ್ರುವರಿಯಿಂದ ಜುಲೈವರೆಗೆ, ಮತ್ತೆ 2025ರ ಏಪ್ರಿಲ್‌ನಲ್ಲಿ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ದೂರದ ದಾರಿ ಸುತ್ತಬೇಕಾಯಿತು. ಮೊದಲನೆಯ ಸಲ ಏರ್ ಇಂಡಿಯಾ ಒಂದಕ್ಕೇ 491 ಕೋಟಿ ರೂಪಾಯಿ ನಷ್ಟವಾಯಿತೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ರೂಪಾಯಿಯ ಲೆಕ್ಕ ಸಂಸತ್ತಿಗೆ ಬಂದಿತು, ಆ ಸುತ್ತುದಾರಿಯಲ್ಲಿ ಉರಿದ ಹೊಗೆಯ ಲೆಕ್ಕ ಚರ್ಚೆಗೆ ಬರಲಿಲ್ಲ. ಯಾವುದನ್ನು ಅಳೆಯುತ್ತಾರೋ ಅದರ ಬಗ್ಗೆಯಷ್ಟೇ ಆಳುವವರು ಮಾತನಾಡುತ್ತಾರೆ.

ಅಳತೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಹೀಥ್ರೂ ಒಳ್ಳೆಯ ನಿದರ್ಶನ. ಎರಡೇ ಓಡುದಾರಿಗಳುಳ್ಳ ಈ ನಿಲ್ದಾಣ ಜಗತ್ತಿನ ಅತಿ ದಟ್ಟಣೆಯ ನಿಲ್ದಾಣಗಳಲ್ಲಿ ಒಂದು. ಇಳಿಯಲು ಬರುವ ವಿಮಾನಗಳು ಬೋವಿಂಗ್‌ಡನ್, ಲ್ಯಾಂಬೋರ್ನ್, ಆಕಮ್, ಬಿಗಿನ್ ಎಂಬ ನಾಲ್ಕು ಕಡೆ, ಸಾವಿರ ಸಾವಿರ ಅಡಿ ಅಂತರದಲ್ಲಿ ಒಂದರ ಮೇಲೊಂದರಂತೆ ಸುತ್ತು ಹೊಡೆಯುತ್ತ ಸರದಿ ಕಾಯುತ್ತವೆ. ಕೆಳಗಿನದು ಇಳಿದಂತೆ ಮೇಲಿನವು ಒಂದೊಂದು ಮೆಟ್ಟಿಲು ಕೆಳಗೆ ಬರುತ್ತವೆ. ಬಸ್ ನಿಲ್ದಾಣದಲ್ಲಿ ಜಾಗ ಸಿಗದ ಬಸ್ಸುಗಳು ಎಂಜಿನ್ ಆರಿಸದೆ ಹೊರಗೆ ಕಾದು ನಿಂತಂತೆ ಇದು. ವ್ಯತ್ಯಾಸವೆಂದರೆ ವಿಮಾನ ನಿಂತು ಕಾಯಲಾರದು. ಕಾಯುವುದೆಂದರೆ ಹಾರುತ್ತಲೇ ಇರುವುದು, ಅದೂ ಗಾಳಿ ದಟ್ಟವಾಗಿರುವ, ಇಂಧನ ಹೆಚ್ಚು ಬೇಡುವ ಕೆಳ ಎತ್ತರದಲ್ಲಿ.

ಬ್ರಿಟನ್ನಿನ ವಾಯು ಸಂಚಾರ ಸಂಸ್ಥೆ ನ್ಯಾಟ್ಸ್ 2008ರಲ್ಲಿ ಒಂದು ಗುರಿ ಹಾಕಿಕೊಂಡಿತು. ಸಂಚಾರ ನಿರ್ವಹಣೆಯ ಕಾರಣದಿಂದ ಪ್ರತಿ ಹಾರಾಟಕ್ಕೆ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು 2006ರ ಮಟ್ಟಕ್ಕಿಂತ ಶೇಕಡಾ 10ರಷ್ಟು 2020ರ ವೇಳೆಗೆ ತಗ್ಗಿಸುವುದೇ ಆ ಗುರಿ. ಇಂತಹ ಗುರಿ ಸಾಧನೆಗೆ ಮಾಪಕ ಬೇಕು. ಹಾಗಾಗಿ 2012ರಲ್ಲಿ 'ತ್ರೀ-ಡಿ-ಐ' ಎಂಬ ಅಂಕಪದ್ಧತಿ ಬಂದಿತು. ಬ್ರಿಟನ್ನಿನ ಆಕಾಶದಲ್ಲಿ ಸಾಗಿದ ವಿಮಾನದ ರಾಡಾರ್ ಜಾಡನ್ನು ತೆಗೆದುಕೊಂಡು, ಅದು ಅಡ್ಡಲಾಗಿ ನೇರ ದಾರಿಯಿಂದ ಎಷ್ಟು ಸರಿಯಿತು, ಎತ್ತರದಲ್ಲಿ ತನಗೆ ಅನುಕೂಲವಾದ ಮಟ್ಟದಿಂದ ಎಷ್ಟು ಹೊತ್ತು ಕೆಳಗೆ ಉಳಿಯಿತು ಎಂದು ನೋಡಿ ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಡುವುದು ಇದರ ಕ್ರಮ. ಲೋಪವಿಲ್ಲದ ಹಾರಾಟಕ್ಕೆ ಸೊನ್ನೆ. ವ್ಯರ್ಥ ಹೆಚ್ಚಿದಂತೆ ಅಂಕ ಏರುತ್ತದೆ. ವಾರ್ಷಿಕ ಸರಾಸರಿ ನಿಗದಿಗಿಂತ ಕೆಟ್ಟರೆ ಸಂಸ್ಥೆಗೆ ದಂಡ, ಉತ್ತಮಗೊಂಡರೆ ಪ್ರೋತ್ಸಾಹಧನ ಎಂಬ ಹಣದ ಬಂಧವನ್ನೂ ನಿಯಂತ್ರಣ ಮಂಡಳಿ ಇದಕ್ಕೆ ಬೆಸೆಯಿತು.

ಅಂಕ ಬಂದ ಮೇಲೆ ಲೋಪ ಎಲ್ಲಿದೆಯೆಂದು ಕಾಣತೊಡಗಿತು, ಹುಡುಕಾಟ ಶುರುವಾಯಿತು. ಹಿಂದೆ ಹೀಥ್ರೂವಿಗೆ ಬರುವ ವಿಮಾನದ ವೇಗವನ್ನು ಅದು ಬ್ರಿಟನ್ನಿನ ಆಕಾಶಕ್ಕೆ ಬಂದ ಮೇಲಷ್ಟೇ ತಿದ್ದಲು ಸಾಧ್ಯವಿತ್ತು. 2014ರಿಂದ ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಮೊದಲಾದ ನೆರೆಯವರ ಸಹಕಾರದಿಂದ, ಸುಮಾರು 650 ಕಿಲೋಮೀಟರ್ ದೂರದಲ್ಲಿರುವಾಗಲೇ 'ಸಾಲು ಉದ್ದವಿದೆ, ನಿಧಾನಿಸಿ' ಎಂದು ಪೈಲಟ್‌ಗೆ ತಿಳಿಸುವ ವ್ಯವಸ್ಥೆ ಬಂದಿತು. ಕೆಳಗೆ ಬಂದು ಸುತ್ತುವ ನಿಮಿಷಗಳು ಮೇಲಿನ ತೆಳುಗಾಳಿಯಲ್ಲಿ ನಿಧಾನ ಗತಿಯ ನಿಮಿಷಗಳಾದವು. ಇಂಧನ ಉಳಿಯಿತು, ಕೆಳಗಿನ ಊರುಗಳಿಗೆ ಸದ್ದೂ ತಗ್ಗಿತು.

ಇಳಿಯುವ ರೀತಿಯಲ್ಲಿಯೂ ಇಂತಹದೇ ಪಾಠವಿದೆ. ಆಗುಂಬೆ ಘಾಟಿಯನ್ನು ಇಳಿಯುವ ನುರಿತ ಚಾಲಕನು ಗೇರು ಹಿಡಿದು ಒಂದೇ ಹದದಲ್ಲಿ ಇಳಿಯುತ್ತಾನೆ. ಪ್ರತಿ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಆಕ್ಸಿಲರೇಟರ್ ಒತ್ತುವವನಿಗೆ ಡೀಸೆಲೂ ಹೆಚ್ಚು, ಬ್ರೇಕಿನ ಸವೆತವೂ ಹೆಚ್ಚು. ವಿಮಾನಗಳು ಬಹುಕಾಲ ಈ ಎರಡನೆಯ ಚಾಲಕನಂತೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದವು. ಪ್ರತಿ ಮೆಟ್ಟಿಲಿನಲ್ಲಿ ಸಮತಟ್ಟಾಗಿ ಹಾರಲು ಎಂಜಿನ್ನಿಗೆ ಬಲ ಕೊಡಬೇಕು. ಅದರ ಬದಲು ಎತ್ತರದಿಂದ ಒಂದೇ ಇಳಿಜಾರಿನಲ್ಲಿ, ಎಂಜಿನ್ನನ್ನು ಬಹುಪಾಲು ಸುಮ್ಮನಿರಿಸಿ ಜಾರುವುದಕ್ಕೆ ನಿರಂತರ ಇಳಿತವೆನ್ನುತ್ತಾರೆ. ಏರುವುದು ಮತ್ತು ಇಳಿಯುವುದು ಎರಡನ್ನೂ ಹೀಗೆ ಸರಿಪಡಿಸಿದರೆ ಯೂರೋಪಿನಲ್ಲಿ ವರ್ಷಕ್ಕೆ 3.4 ಲಕ್ಷ ಟನ್ ಇಂಧನವನ್ನು, ಅಂದರೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಉಳಿಸಬಹುದೆಂದು ಯೂರೋಕಂಟ್ರೋಲ್ 2018ರ ಅಧ್ಯಯನದಲ್ಲಿ ಅಂದಾಜಿಸಿತು. ಅದರಲ್ಲಿ ಸಿಂಹಪಾಲು ಇಳಿತದ್ದೇ.

ಇಷ್ಟರಲ್ಲಿಯೇ ಸಮಾಧಾನಪಟ್ಟುಕೊಂಡರೆ ಅರ್ಧ ಸತ್ಯದಲ್ಲಿ ನಿಂತಂತೆ. ದೂರ ಮತ್ತು ಇಂಧನವನ್ನಷ್ಟೇ ಅಳೆಯುವ ಮಾಪಕಕ್ಕೆ, ತೋಟದ ಅಂಚಿನಿಂದ ಕಾಣುವ ಆ ಬಿಳಿ ಗೆರೆ ಕಾಣುವುದಿಲ್ಲ. ಗೆರೆ ಎಂದರೆ ಹೊಗೆಯಲ್ಲ, ಮಂಜಿನ ಹರಳು. ಎಂಜಿನ್ನಿನಿಂದ ಹೊರಬಿದ್ದ ನೀರಾವಿ ಅತಿ ಶೀತಲ ಗಾಳಿಯಲ್ಲಿ ಮಸಿಯ ಕಣಗಳನ್ನು ಹಿಡಿದು ಹೆಪ್ಪುಗಟ್ಟುತ್ತದೆ. ಜರ್ಮನಿಯ ಅರ್ನ್ಸ್ಟ್ ಶ್ಮಿಟ್ 1941ರಲ್ಲಿಯೂ, ಅಮೆರಿಕದ ಹರ್ಬರ್ಟ್ ಆಪಲ್‌ಮನ್ 1953ರಲ್ಲಿಯೂ ಇದು ಎಂತಹ ಗಾಳಿಯಲ್ಲಿ ಆಗುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದ್ದರು. ಸುತ್ತಲಿನ ಗಾಳಿ ಒಣಗಿದ್ದರೆ ಗೆರೆ ಬೇಗ ಮಾಯವಾಗುತ್ತದೆ. ಗಾಳಿ ಮೊದಲೇ ತೇವದಿಂದ ತುಂಬಿದ್ದರೆ ಗೆರೆ ಹರಡಿ ಎತ್ತರದ ತೆಳುಮೋಡವಾಗುತ್ತದೆ. ಆ ಮೋಡ ಹಗಲಿನಲ್ಲಿ ಸೂರ್ಯನ ಬೆಳಕನ್ನು ಒಂದಿಷ್ಟು ಹಿಂದಕ್ಕೆ ಕಳಿಸುತ್ತದೆ, ಭೂಮಿಯಿಂದ ಏಳುವ ಶಾಖವನ್ನೂ ತಡೆಯುತ್ತದೆ. ರಾತ್ರಿ ಮೊದಲನೆಯ ಕೆಲಸವಿಲ್ಲ, ಎರಡನೆಯದು ಮಾತ್ರ, ಹೊದಿಕೆ ಹೊದಿಸಿದಂತೆ. ಒಟ್ಟಾರೆ ಪರಿಣಾಮ ಬಿಸಿಯೇ. ವಿಮಾನಯಾನ ಉಂಟುಮಾಡುವ ಬಿಸಿಯ ಮೂರರಲ್ಲಿ ಎರಡು ಪಾಲು ಇಂಗಾಲದ ಡೈಆಕ್ಸೈಡಿನ ಹೊರತಾದ ಕಾರಣಗಳಿಂದ ಬರುತ್ತದೆ, ಅವುಗಳಲ್ಲಿ ಈ ಮೋಡಗಳೇ ಮುಖ್ಯ ಎಂದು 2021ರ ಅದೇ ಲೆಕ್ಕಾಚಾರ ಹೇಳುತ್ತದೆ. ಆ ಅಂದಾಜಿನಲ್ಲಿ ಹೆಚ್ಚುಕಡಿಮೆಯಾಗುವ ಅವಕಾಶ ದೊಡ್ಡದಿದೆ ಎಂಬುದನ್ನೂ ಅದೇ ವಿಜ್ಞಾನಿಗಳು ಮುಚ್ಚಿಟ್ಟಿಲ್ಲ.

ಇಲ್ಲಿಯೂ ದಾರಿಯ ಬದಲಾವಣೆಯೇ ಮದ್ದಾಗಬಲ್ಲದು. ತೇವ ತುಂಬಿದ ಆ ಶೀತಲ ಪದರಗಳು ಅಗಲದಲ್ಲಿ ನೂರಾರು ಕಿಲೋಮೀಟರ್ ಹರಡಿದ್ದರೂ ದಪ್ಪದಲ್ಲಿ ತೆಳು. ಒಂದೆರಡು ಸಾವಿರ ಅಡಿ ಮೇಲಕ್ಕೋ ಕೆಳಕ್ಕೋ ಸರಿದರೆ ಬಹಳ ಸಲ ಗೆರೆಯೇ ಹುಟ್ಟುವುದಿಲ್ಲ. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಮತ್ತು ವಾಯವ್ಯ ಜರ್ಮನಿಯ ಮೇಲಿನ ಆಕಾಶವನ್ನು ನೋಡಿಕೊಳ್ಳುವ ಮಾಸ್ಟ್ರಿಕ್ಟ್ ನಿಯಂತ್ರಣ ಕೇಂದ್ರವು ಜರ್ಮನಿಯ ಅಂತರಿಕ್ಷ ಸಂಶೋಧನಾ ಸಂಸ್ಥೆಯೊಡನೆ 2021ರಲ್ಲಿ ಇದನ್ನು ನಿಜವಾದ ಸಂಚಾರದಲ್ಲಿಯೇ ಪರೀಕ್ಷಿಸಿತು. ಒಂದು ದಿನ ವಿಮಾನಗಳ ಎತ್ತರ ಬದಲಿಸುವುದು, ಮರುದಿನ ಬದಲಿಸದೆ ಬಿಡುವುದು, ಉಪಗ್ರಹದ ಚಿತ್ರಗಳಿಂದ ಎರಡನ್ನೂ ಹೋಲಿಸುವುದು ಅದರ ಕ್ರಮ. ಕೃಷಿ ಪ್ರಯೋಗದಲ್ಲಿ ಗೊಬ್ಬರ ಕೊಟ್ಟ ತಾಕಿನ ಪಕ್ಕ ಕೊಡದ ತಾಕನ್ನು ಇಡುವಂತೆಯೇ ಇದು. ಎತ್ತರ ಬದಲಿಸಿದ ದಿನಗಳಲ್ಲಿ ಗೆರೆಗಳು ಕಡಿಮೆಯಾದದ್ದು ಕಂಡುಬಂದಿತು. 2023ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮತ್ತು ಗೂಗಲ್ ಸೇರಿ 70 ಹಾರಾಟಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಗೆರೆಗಳು ಶೇಕಡಾ 54ರಷ್ಟು ತಗ್ಗಿದವು. ಗೆರೆ ತಪ್ಪಿಸಿದ ವಿಮಾನಗಳಿಗೆ ಶೇಕಡಾ ಎರಡರಷ್ಟು ಹೆಚ್ಚು ಇಂಧನ ಬೇಕಾಯಿತು.

ಇಲ್ಲಿ ಒಂದು ಬಿಕ್ಕಟ್ಟಿದೆ. ಗೆರೆಯ ಮೋಡ ಗಂಟೆಗಳಲ್ಲಿ ಕರಗುತ್ತದೆ. ಹೆಚ್ಚುವರಿ ಇಂಧನದಿಂದ ಬಂದ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಶತಮಾನಗಳ ಕಾಲ ಉಳಿಯುತ್ತದೆ. ಇಂದಿನ ಬಿಸಿ ತಗ್ಗಿಸಲು ಮೊಮ್ಮಕ್ಕಳ ತಲೆಗೆ ಬಿಸಿ ಕಟ್ಟುವುದು ಸರಿಯೇ? ಜಪಾನಿನ ಆಕಾಶವನ್ನು ಕುರಿತು 2020ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ಮತ್ತವರ ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ದಾರಿ ತೋರಿಸುತ್ತದೆ. ಅಲ್ಲಿ ಶೇಕಡಾ 2.2ರಷ್ಟು ಹಾರಾಟಗಳೇ ಗೆರೆಗಳ ಬಿಸಿಯ ಶೇಕಡಾ 80ಕ್ಕೆ ಕಾರಣವಾಗಿದ್ದವು. ಆಯ್ದ ಶೇಕಡಾ 1.7ರಷ್ಟು ವಿಮಾನಗಳ ಎತ್ತರ ಬದಲಿಸಿದರೆ ಆ ಬಿಸಿಯನ್ನು ಶೇಕಡಾ 59ರವರೆಗೆ ತಗ್ಗಿಸಬಹುದು, ಒಟ್ಟು ಇಂಧನ ಹೆಚ್ಚುವುದು ಶೇಕಡಾ 0.014 ಮಾತ್ರ ಎಂದು ಅವರ ಲೆಕ್ಕ ಹೇಳಿತು. ಕೊಳೆರೋಗ ತಗುಲುವ ತೋಟ ಯಾವುದೆಂದು ತಿಳಿದವನು ಊರಿಗೆಲ್ಲ ಬೋರ್ಡೋ ದ್ರಾವಣ ಹೊಡೆಯಬೇಕಿಲ್ಲ. ಆದರೆ ತಿಳಿಯಬೇಕಾದರೆ ಮೊದಲು ಅಳೆಯಬೇಕು. ಯೂರೋಪಿನ ಒಕ್ಕೂಟವು 2025ರ ಜನವರಿಯಿಂದ ಇಂಗಾಲದ ಡೈಆಕ್ಸೈಡ್ ಹೊರತಾದ ಪರಿಣಾಮಗಳನ್ನೂ ವಿಮಾನ ಕಂಪನಿಗಳು ಲೆಕ್ಕವಿಡಬೇಕೆಂದು ವಿಧಿಸಿದ್ದು ಈ ದಿಕ್ಕಿನಲ್ಲಿ ಮಹತ್ವದ ಹೆಜ್ಜೆ.

ಮಾಪಕಕ್ಕೆ ಕಾಣದ ಇನ್ನೊಂದು ಸಂಗತಿ ದಾರಿಯ ಕೆಳಗಿನ ಜನ. ಉಪಗ್ರಹದ ಮಾರ್ಗದರ್ಶನದಿಂದ ವಿಮಾನಗಳು ಒಂದೇ ಕಿರಿದಾದ ಜಾಡಿನಲ್ಲಿ ಕರಾರುವಾಕ್ಕಾಗಿ ಸಾಗಬಲ್ಲವು. ಇಂಧನದ ದೃಷ್ಟಿಯಿಂದ ಇದು ಲಾಭ. ಆದರೆ ಹಿಂದೆ ಹಲವು ಊರುಗಳ ಮೇಲೆ ಹಂಚಿಹೋಗುತ್ತಿದ್ದ ಸದ್ದು ಈಗ ಒಂದೇ ಸಾಲಿನ ಮನೆಗಳ ಮೇಲೆ ದಿನವಿಡೀ ಬೀಳುತ್ತದೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ 2014ರ ಸೆಪ್ಟೆಂಬರಿನಲ್ಲಿ ಹೀಗೆಯೇ ಆಯಿತು. ಹೊಸ ದಾರಿಗಳು ಜಾರಿಗೆ ಬಂದೊಡನೆ ಹಳೆಯ ಬಡಾವಣೆಗಳ ಜನರ ದೂರುಗಳು ಸುರಿದವು. ನಗರಾಡಳಿತವೂ ನಿವಾಸಿಗಳೂ ನ್ಯಾಯಾಲಯಕ್ಕೆ ಹೋದರು. ಆ ದಾರಿಗಳನ್ನು ಒಪ್ಪಿದ್ದು ತಪ್ಪು ಎಂದು 2017ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ನೀಡಿತು. ಅಲ್ಲಿನ ವಿಮಾನಯಾನ ಆಡಳಿತದ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಕೆಳಗಿರುವವರನ್ನು ಸರಿಯಾಗಿ ಕೇಳದೆ ಮೇಲಿನ ದಾರಿಯನ್ನು ಎಳೆದದ್ದು ತಪ್ಪಾಯಿತು. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಮಲೆನಾಡಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಒಟ್ಟು ಮೊತ್ತದ್ದು. ಈವರೆಗೆ ಹೇಳಿದ ಅಂಕಗಳೆಲ್ಲ ಬಹುಪಾಲು 'ಒಂದು ಹಾರಾಟಕ್ಕೆ ಇಷ್ಟು' ಎಂಬ ಲೆಕ್ಕದವು. 1990ರಿಂದ 2019ರವರೆಗಿನ ಅವಧಿಯಲ್ಲಿ, ಅಷ್ಟೇ ದೂರ ಅಷ್ಟೇ ಹೊರೆ ಸಾಗಿಸಲು ವಿಮಾನಗಳಿಗೆ ಬೇಕಾದ ಇಂಧನ ಅರ್ಧಕ್ಕಿಂತ ಕಡಿಮೆಯಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಅವಧಿಯಲ್ಲಿ ವಿಮಾನ ಸಂಚಾರ ಸುಮಾರು ನಾಲ್ಕು ಪಟ್ಟಾಯಿತು, ಹೊಗೆ ಎರಡು ಪಟ್ಟಾಯಿತು. ರೈತರಿಗೆ ಈ ಲೆಕ್ಕ ಹೊಸದಲ್ಲ. ಹನಿ ನೀರಾವರಿ ಬಂದಾಗ ಗಿಡವೊಂದಕ್ಕೆ ಬೇಕಾದ ನೀರು ತಗ್ಗಿತು. ಉಳಿದ ನೀರಿನಲ್ಲಿ ಇನ್ನೆರಡು ಎಕರೆ ಅಡಿಕೆ ಎದ್ದಿತು, ಪಕ್ಕದವನೂ ಹಾಕಿದ. ಗಿಡದ ಲೆಕ್ಕ ನೋಡಿದವರಿಗೆ ಉಳಿತಾಯ ಕಂಡಿತು, ಕೊಳವೆಬಾವಿಗೆ ಕಾಣಲಿಲ್ಲ. ಆಕಾಶದಲ್ಲಿಯೂ ಹಾಗೆಯೇ. ದಾರಿ ನೇರವಾದರೆ, ಅಂತರ ಕಿರಿದಾದರೆ, ಸರದಿ ಸಾಲು ಚುರುಕಾದರೆ ಅದೇ ಆಕಾಶದಲ್ಲಿ ಇನ್ನಷ್ಟು ವಿಮಾನಗಳಿಗೆ ಜಾಗವಾಗುತ್ತದೆ. ಉಳಿಸಿದ್ದನ್ನು ಮತ್ತೆ ಹಾರಾಟಕ್ಕೇ ಸುರಿದರೆ ಹವಾಮಾನಕ್ಕೆ ಉಳಿಯುವುದೇನು?

ಹಾಗೆಂದು ದಾರಿ ನೇರ ಮಾಡುವುದು ಬೇಡವೆನ್ನಲಾಗದು. ಹನಿ ನೀರಾವರಿಯನ್ನು ಯಾರೂ ಕಿತ್ತೆಸೆಯುವುದಿಲ್ಲ; ಬಾವಿಯಿಂದ ಎತ್ತುವ ಒಟ್ಟು ನೀರಿಗೆ ಮಿತಿ ಹಾಕಬೇಕೆನ್ನುತ್ತಾರೆ. ಅಂತಹ ಮಿತಿ ಆಕಾಶಕ್ಕೂ ಸಾಧ್ಯವೆಂಬುದಕ್ಕೆ ಉದಾಹರಣೆಗಳಿವೆ. ಹೀಥ್ರೂವಿನ ಐದನೆಯ ಟರ್ಮಿನಲ್‌ಗೆ 2001ರಲ್ಲಿ ಅನುಮತಿ ಕೊಡುವಾಗ, ವರ್ಷಕ್ಕೆ 4,80,000ಕ್ಕಿಂತ ಹೆಚ್ಚು ವಿಮಾನಗಳು ಏರಿಳಿಯಬಾರದೆಂದು ಷರತ್ತು ಹಾಕಲಾಯಿತು. ಸುತ್ತಲಿನ ಜನರ ದೀರ್ಘ ಹೋರಾಟವಿಲ್ಲದಿದ್ದರೆ ಆ ಅಂಕಿ ಕಾಗದದ ಮೇಲೆ ಬರುತ್ತಿರಲಿಲ್ಲ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಊರುಗಳ ನಡುವಿನ ಕೆಲವು ವಿಮಾನ ಸಂಚಾರವನ್ನು ಫ್ರಾನ್ಸ್ 2023ರಲ್ಲಿ ನಿಲ್ಲಿಸಿತು. ನಿಂತ ಮಾರ್ಗಗಳು ಬೆರಳೆಣಿಕೆಯವು. ಆದರೂ ಒಂದು ತತ್ವ ಕಾನೂನಿನ ಪುಸ್ತಕಕ್ಕೆ ಬಂದಿತು.

ಅಂತರರಾಷ್ಟ್ರೀಯ ಒಪ್ಪಂದಗಳು ಈ ವಿಷಯದಲ್ಲಿ ಜಾರಿಕೊಂಡೇ ಬಂದಿವೆ. 1997ರ ಕ್ಯೋಟೋ ಒಪ್ಪಂದವು ದೇಶದೇಶಗಳ ನಡುವಿನ ವಿಮಾನಗಳ ಹೊಗೆಯನ್ನು ಯಾವ ದೇಶದ ಖಾತೆಗೂ ಹಾಕದೆ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮೂಲಕ ಪರಿಹಾರ ಹುಡುಕಬೇಕೆಂದು ಹೇಳಿ ಕೈತೊಳೆದುಕೊಂಡಿತು. ಆ ಸಂಸ್ಥೆ 2016ರಲ್ಲಿ ಒಪ್ಪಿದ ಯೋಜನೆಯು ಒಂದು ಮಟ್ಟದ ಮೇಲಿನ ಹೊಗೆಗೆ ಬೇರೆಡೆ ಪರಿಹಾರ ಕೊಂಡು ಸರಿದೂಗಿಸುವಂಥದು. ಬಿಳಿ ಗೆರೆಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಭಾರತಕ್ಕೆ ಅದು 2027ರಿಂದ ಅನ್ವಯ. ಬೇರೆಡೆ ಮರ ನೆಟ್ಟ ಚೀಟಿ ತೋರಿಸಿ ಇಲ್ಲಿ ಹೊಗೆ ಬಿಡುವ ಈ ವ್ಯಾಪಾರದಲ್ಲಿ, ನೆಡುತೋಪಿನ ಹೆಸರಿನಲ್ಲಿ ಗೋಮಾಳ, ಸೊಪ್ಪಿನಬೆಟ್ಟಗಳ ಮೇಲೆ ಯಾರ ಕಣ್ಣು ಬೀಳಬಹುದು ಎಂಬುದನ್ನು ಬೆಟ್ಟದ ಜನ ಎಚ್ಚರದಿಂದ ನೋಡಬೇಕು.

ಮಲೆನಾಡಿಗೆ ಇದು ದೂರದ ಕಥೆಯಾಗಿ ಉಳಿದಿಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ 3,200 ಮೀಟರ್ ಓಡುದಾರಿಯ ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿ, ಅದೇ ಆಗಸ್ಟಿನಲ್ಲಿ ಬೆಂಗಳೂರಿಗೆ ಹಾರಾಟ ಆರಂಭವಾಯಿತು. ಇದೇ ಎರಡು ಊರುಗಳ ನಡುವೆ ರೈಲಿದೆ. ದೇಶದಲ್ಲಿ 2014ರಲ್ಲಿ 74 ಇದ್ದ ವಿಮಾನ ನಿಲ್ದಾಣಗಳು 2024ರ ವೇಳೆಗೆ 157 ಆದವು ಎಂದು ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ನಿಲ್ದಾಣಕ್ಕೆ ಅನುಮತಿ ಕೇಳುವಾಗ ನೆಲ, ನೀರು, ಸುತ್ತಲಿನ ಗಾಳಿ ಮತ್ತು ಸದ್ದಿನ ವರದಿ ತಯಾರಾಗುತ್ತದೆ. ಅಲ್ಲಿಂದ ಏರಿದ ವಿಮಾನ ದಾರಿಯುದ್ದಕ್ಕೂ ಉರಿಸುವ ಇಂಧನ ಆ ವರದಿಯ ಗಡಿಯಾಚೆಗೆ ಹಾರಿಹೋಗುತ್ತದೆ. ಕೇರಳದ ಕೊಚ್ಚಿ ನಿಲ್ದಾಣ 2015ರಿಂದ ತನ್ನ ಕಟ್ಟಡಗಳನ್ನು ಸೂರ್ಯಶಕ್ತಿಯಿಂದಲೇ ನಡೆಸುತ್ತಿರುವುದು ಮೆಚ್ಚತಕ್ಕದ್ದು. ಆದರೆ ಅಲ್ಲಿಂದ ಏರುವ ವಿಮಾನಕ್ಕೆ ಆ ಸೂರ್ಯಶಕ್ತಿ ತಲುಪುವುದಿಲ್ಲ.

ಹಾಗಾದರೆ ಕೇಳಬೇಕಾದದ್ದೇನು? ಮೊದಲನೆಯದಾಗಿ, ಭಾರತದ ಆಕಾಶದಲ್ಲಿ ವಿಮಾನಗಳು ನೇರ ದಾರಿಯಿಂದ ಎಷ್ಟು ಸರಿಯುತ್ತಿವೆ, ಎಷ್ಟು ಹೊತ್ತು ಸುತ್ತು ಹೊಡೆದು ಕಾಯುತ್ತಿವೆ, ಎಷ್ಟು ವಿಮಾನಗಳು ಒಂದೇ ಇಳಿಜಾರಿನಲ್ಲಿ ಇಳಿಯುತ್ತಿವೆ ಎಂಬ ಅಂಕಿಗಳು ಪ್ರತಿ ನಿಲ್ದಾಣಕ್ಕೆ, ಪ್ರತಿ ವರ್ಷ, ಸಾಮಾನ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರಕಟವಾಗಬೇಕು. ಎರಡನೆಯದಾಗಿ, ಬಿಳಿ ಗೆರೆಗಳ ಬಿಸಿಯನ್ನು ಭಾರತದ ಹವಾಮಾನಕ್ಕೆ ತಕ್ಕಂತೆ ಅಳೆಯುವ ಕೆಲಸ ಇಲ್ಲಿನ ಸಂಶೋಧನಾ ಸಂಸ್ಥೆಗಳಲ್ಲಿಯೇ ನಡೆಯಬೇಕು. ಯೂರೋಪಿನ ಚಳಿಯ ಆಕಾಶದ ಲೆಕ್ಕವನ್ನು ಮುಂಗಾರಿನ ನಾಡಿಗೆ ಹಾಗೆಯೇ ತಂದು ಹಚ್ಚಲಾಗದು. ಮೂರನೆಯದಾಗಿ, ಹೊಸ ದಾರಿ ಎಳೆಯುವ ಮೊದಲು ಅದರ ಕೆಳಗಿನ ಊರುಗಳನ್ನು ಕೇಳಬೇಕು. ಕೊನೆಯದಾಗಿ, ಒಂದು ಹಾರಾಟದ ಅಂಕದ ಪಕ್ಕದಲ್ಲಿಯೇ ಒಟ್ಟು ಇಂಧನದ, ಒಟ್ಟು ಹೊಗೆಯ ಅಂಕಿಯನ್ನೂ ಬರೆಯಬೇಕು. ಎರಡನೆಯ ಅಂಕಿ ಏರುತ್ತಿದ್ದರೆ ಮೊದಲನೆಯದನ್ನು ತೋರಿಸಿ ಬೆನ್ನು ತಟ್ಟಿಕೊಳ್ಳುವುದಕ್ಕೆ ಅರ್ಥವಿಲ್ಲ.

ಮಲೆನಾಡಿನಲ್ಲಿ ಮಳೆಮಾಪಕ ಇಟ್ಟು, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುವ ತೋಟಗಾರರು ಈಗಲೂ ಇದ್ದಾರೆ. ತಂದೆಯ ಕಾಲದ ಪುಸ್ತಕದೊಡನೆ ಹೋಲಿಸಿ 'ಮಳೆ ಬದಲಾಗಿದೆ' ಎಂದು ಅವರು ಹೇಳುವ ಮಾತಿಗೆ ತೂಕ ಬರುವುದು ಆ ಅಳತೆಯಿಂದ. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಅದೇ ಪುಸ್ತಕದ ಇನ್ನೊಂದು ಅಂಕಣದಲ್ಲಿ, ಆ ದಿನ ಕಂಡ ಬಿಳಿ ಗೆರೆ ಕರಗಿತೇ ಹರಡಿತೇ, ಎಷ್ಟು ಹೊತ್ತಿಗೆ, ಎಂದು ಬರೆದಿಡಲು ಯಾರ ಅನುಮತಿಯೂ ಬೇಕಿಲ್ಲ. ಅದಕ್ಕೆ ಬೇಕಾದದ್ದು ಒಂದು ಗಡಿಯಾರ, ಒಂದು ಪೆನ್ನು, ತಲೆಯೆತ್ತಿ ನೋಡುವ ಅಭ್ಯಾಸ. ಮೇಲಿನವರು ತಮ್ಮ ಲೆಕ್ಕ ತೆರೆದಿಡುವ ದಿನ ಬಂದಾಗ, ಕೆಳಗಿನವರ ಬಳಿಯೂ ಒಂದು ಪುಸ್ತಕವಿರಲಿ.